ಗೆರೆ ಮೊದಲೋ, ಜನ ಮೊದಲೋ?

ರಾಜಕೀಯ ಭೂಗೋಳದ ಉತ್ತರಪತ್ರಿಕೆ ತಿದ್ದಲು ಕೂತಾಗಲೆಲ್ಲ ಒಂದು ವಾಕ್ಯ ತಪ್ಪದೆ ಎದುರಾಗುತ್ತದೆ: ‘ಆಫ್ರಿಕಾದ ಸಂಘರ್ಷಗಳಿಗೆ ವಸಾಹತುಶಾಹಿಗಳು ಎಳೆದ ಕೃತಕ ಗಡಿಗಳೇ ಕಾರಣ.’ ಅಂಕ ಕೊಡುತ್ತೇನೆ, ಅದು ಸುಳ್ಳೇನಲ್ಲ. 1884–85ರ ಬರ್ಲಿನ್ ಸಮ್ಮೇಳನದಲ್ಲಿ ಯುರೋಪಿನ ದೇಶಗಳು ಆ ಖಂಡದ ಮೇಲೆ ಹಕ್ಕು ಸಾಧಿಸುವ ನಿಯಮಗಳನ್ನು ತಮ್ಮತಮ್ಮಲ್ಲೇ ಗೊತ್ತುಮಾಡಿಕೊಂಡವು. ಅಲ್ಲಿ ಆಫ್ರಿಕಾದ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ನನ್ನ ತಕರಾರಿರುವುದು ಆ ವಾಕ್ಯದ ಹಿಂದಿರುವ ಊಹೆಯ ಬಗ್ಗೆ. ಕೃತಕ ಗಡಿ ಎಂದೊಡನೆ, ಸಹಜ ಗಡಿಯೊಂದು ಎಲ್ಲೋ ಇದೆ ಎಂದು ಒಪ್ಪಿಕೊಂಡಂತಾಯಿತು. ಜನಾಂಗಗಳು ಮೊದಲೇ ತಂತಮ್ಮ ನೆಲದಲ್ಲಿ ಬೇರೆಬೇರೆಯಾಗಿ ನೆಲೆಸಿದ್ದವು, ಅವುಗಳ ಅಂಚನ್ನು ನೋಡಿ ಗೆರೆ ಎಳೆದಿದ್ದರೆ ಸಾಕಿತ್ತು ಎಂಬ ನಂಬಿಕೆ ಅದು. ಭೂಪಟಗಳನ್ನು ಓದುತ್ತ, ಓದಿಸುತ್ತ ಬಂದ ನನಗೆ ಆ ನಂಬಿಕೆ ಉಳಿದಿಲ್ಲ. ಬಹಳ ಕಡೆ ಗೆರೆಯೇ ಮೊದಲು ಬಂದಿದೆ. ಗೆರೆಯ ಆಚೀಚೆಯವರು ಬೇರೆ ಬೇರೆ ಜನರಾದದ್ದು ಆಮೇಲೆ.

ಮೊದಲು ‘ಸಹಜ’ ಗಡಿಯನ್ನೇ ನೋಡೋಣ. ಚಿಲಿ ಮತ್ತು ಅರ್ಜೆಂಟೀನಾ ನಡುವೆ ಆಂಡಿಸ್ ಪರ್ವತಶ್ರೇಣಿ ಇದೆ. ಇದಕ್ಕಿಂತ ಸಹಜವಾದ ಗಡಿ ಬೇಕೆ? 1881ರ ಒಪ್ಪಂದವೂ ಹಾಗೆಯೇ ಯೋಚಿಸಿತು: ನೀರನ್ನು ಇಬ್ಭಾಗ ಮಾಡುವ ಅತಿ ಎತ್ತರದ ಶಿಖರಗಳ ಮೇಲೆ ಗಡಿ ಹಾಯಲಿ ಎಂದಿತು. ಉತ್ತರದಲ್ಲಿ ಇದರಿಂದ ಹೆಚ್ಚು ತೊಂದರೆಯಾಗಲಿಲ್ಲ. ದಕ್ಷಿಣದ ಪ್ಯಾಟಗೋನಿಯಾದಲ್ಲಿ ಮಾತ್ರ ಹಿಮನದಿಗಳು ಪರ್ವತವನ್ನು ಕೊರೆದುಬಿಟ್ಟಿವೆ. ಕೆಲವು ನದಿಗಳು ಶಿಖರಸಾಲಿನ ಪೂರ್ವಕ್ಕೆ ಹುಟ್ಟಿ, ಸಾಲನ್ನೇ ಸೀಳಿಕೊಂಡು ಪಶ್ಚಿಮದ ಪೆಸಿಫಿಕ್ ಕಡೆಗೆ ಹರಿಯುತ್ತವೆ. ಅಂದರೆ ಎತ್ತರದ ಶಿಖರಗಳು ಒಂದು ಕಡೆ, ನೀರು ಇಬ್ಭಾಗವಾಗುವ ಏಣು ಇನ್ನೊಂದು ಕಡೆ. ಅರ್ಜೆಂಟೀನಾ ಶಿಖರ ಹಿಡಿಯಿತು, ಚಿಲಿ ನೀರು ಹಿಡಿಯಿತು. ಕೊನೆಗೆ 1902ರಲ್ಲಿ ಬ್ರಿಟನ್ನಿನ ದೊರೆಯ ಮಧ್ಯಸ್ಥಿಕೆಯಲ್ಲಿ ಎರಡರ ನಡುವೆ ಒಂದು ರಾಜಿಯ ಗೆರೆ ಬಿತ್ತು. ವಿವಾದದಲ್ಲಿದ್ದ ಒಂದು ಕಣಿವೆಯಲ್ಲಿ ವೇಲ್ಸ್‌ನಿಂದ ಬಂದ ವಲಸಿಗರು ನೆಲೆಸಿದ್ದರು. ಯಾವ ದೇಶ ಬೇಕೆಂದು ಅವರನ್ನೇ ಕೇಳಲಾಯಿತು, ಅವರು ಅರ್ಜೆಂಟೀನಾ ಎಂದರು. ಬೆಟ್ಟ ತೀರ್ಮಾನಿಸಬೇಕಿದ್ದದ್ದನ್ನು ಆ ಕಣಿವೆಯಲ್ಲಿ ಸಾಗರದಾಚೆಯಿಂದ ಬಂದವರ ಮಾತು ತೀರ್ಮಾನಿಸಿತು.

ನದಿಗಳಂತೂ ಇನ್ನೂ ಚಂಚಲ. ರಿಯೋ ಗ್ರಾಂಡೆ ನದಿ 1860ರ ದಶಕದಲ್ಲಿ ಪಾತ್ರ ಬದಲಿಸಿದಾಗ ಮೆಕ್ಸಿಕೋದ ಚಮಿಜಾಲ್ ಎಂಬ ಪ್ರದೇಶ ಅಮೆರಿಕದ ದಡಕ್ಕೆ ಸೇರಿಹೋಯಿತು. ಅದು ಇತ್ಯರ್ಥವಾಗಲು 1963ರವರೆಗೆ ಕಾಯಬೇಕಾಯಿತು. ಇನ್ನು ಹೊರಳಬಾರದೆಂದು ನದಿಗೆ ಅಲ್ಲಿ ಕಾಂಕ್ರೀಟ್ ಪಾತ್ರ ಕಟ್ಟಿದರು.

ಗಡಿಯೆಂಬುದು ಒಮ್ಮೆಗೇ ಹುಟ್ಟುವುದಿಲ್ಲ. ಮೊದಲು ಒಪ್ಪಂದದ ಮಾತು, ಆಮೇಲೆ ನಕ್ಷೆಯ ಗೆರೆ, ಅದಾದ ಮೇಲೆ ನೆಲದ ಮೇಲೆ ಕಲ್ಲು, ಕಂಬ, ಬೇಲಿ. ಕೊನೆಗೆ ದಿನನಿತ್ಯದ ಆಡಳಿತ. ಒಂದು ಹಂತಕ್ಕೂ ಮತ್ತೊಂದಕ್ಕೂ ನಡುವೆ ಎಲ್ಲಿ ಹೊಂದಾಣಿಕೆ ತಪ್ಪುತ್ತದೋ ಅಲ್ಲಿ ಜಗಳ ಹುಟ್ಟುತ್ತದೆ. ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಈಜಿಪ್ಟ್ ಮತ್ತು ಸುಡಾನ್ ನಡುವಿನದು. 1899ರಲ್ಲಿ ಬ್ರಿಟಿಷರು 22 ಡಿಗ್ರಿ ಉತ್ತರ ಅಕ್ಷಾಂಶವನ್ನೇ ಗಡಿ ಎಂದರು. ನೇರ ಗೆರೆ, ಅಲ್ಲಿ ಯಾರಿದ್ದಾರೆಂದು ನೋಡಿದ್ದಲ್ಲ. ಮೂರು ವರ್ಷದ ನಂತರ ಅವರೇ ನೋಡಿದರು. ಗೆರೆಯ ದಕ್ಷಿಣಕ್ಕಿರುವ ಬಿರ್ ತವೀಲ್ ಎಂಬ ಮರುಭೂಮಿಯಲ್ಲಿ ಜಾನುವಾರು ಮೇಯಿಸುತ್ತಿದ್ದ ಅಬಾಬ್ದಾ ಜನರ ನೆಲೆ ಈಜಿಪ್ಟ್ ಕಡೆಗಿತ್ತು, ಹಾಗಾಗಿ ಅದನ್ನು ಈಜಿಪ್ಟ್ ಆಡಳಿತಕ್ಕೆ ಕೊಟ್ಟರು. ಗೆರೆಯ ಉತ್ತರಕ್ಕೆ, ಕೆಂಪು ಸಮುದ್ರದ ದಡದಲ್ಲಿರುವ ಹಲಾಯಿಬ್‌ನ ಬೇಜಾ ಜನರ ಸಂಬಂಧ ಸುಡಾನ್ ಕಡೆಗೇ ಹೆಚ್ಚೆಂದು ಅದನ್ನು ಸುಡಾನ್ ಆಡಳಿತಕ್ಕೆ ಬಿಟ್ಟರು. ಹೀಗೆ ಅಕ್ಷಾಂಶ ನೋಡಿ ಎಳೆದದ್ದು ಒಂದು, ಜನರನ್ನು ನೋಡಿ ಎಳೆದದ್ದು ಇನ್ನೊಂದು, ಎರಡು ಗೆರೆಗಳಾದವು.

ಇಂದು ಈಜಿಪ್ಟ್ 1899ರ ಗೆರೆ ಸರಿ ಎನ್ನುತ್ತದೆ, ಸುಡಾನ್ 1902ರದ್ದು ಸರಿ ಎನ್ನುತ್ತದೆ. ಯಾವುದನ್ನು ಒಪ್ಪಿದರೆ ಹಲಾಯಿಬ್ ತಮಗೆ ಸಿಗುತ್ತದೋ ಅದನ್ನೇ ಇಬ್ಬರೂ ಹಿಡಿದಿದ್ದಾರೆ. ಸುಮಾರು 2,000 ಚದರ ಕಿಲೋಮೀಟರ್‌ನ ಬಿರ್ ತವೀಲ್ ತನ್ನದೆಂದು ಯಾರು ಹೇಳಿದರೂ ಅದರ ಹತ್ತುಪಟ್ಟಿನಷ್ಟಿರುವ ಹಲಾಯಿಬ್ ಮೇಲಿನ ವಾದ ಬಿದ್ದುಹೋಗುತ್ತದೆ. ಆದ್ದರಿಂದ ಯಾವ ದೇಶವೂ ಕೇಳದ ನೆಲವಾಗಿ ಅದು ಉಳಿದಿದೆ. ಪ್ರವಾಸಿಗರು ಅಲ್ಲಿ ಬಾವುಟ ನೆಟ್ಟು ತಾವೇ ರಾಜರೆಂದು ಘೋಷಿಸಿಕೊಳ್ಳುತ್ತಾರೆ. ಇದು ನನಗೆ ಸಿಟ್ಟು ತರಿಸುತ್ತದೆ. ಯಾವ ದೇಶಕ್ಕೂ ಸೇರದ್ದು ಎಂದರೆ ಯಾರಿಗೂ ಸೇರದ್ದು ಎಂದಲ್ಲ. ತಲೆತಲಾಂತರದಿಂದ ಪಶುಪಾಲಕರು ಆ ನೆಲವನ್ನು ಬಳಸುತ್ತ ಬಂದಿದ್ದಾರೆ.

ಹಾಗಾದರೆ ಪ್ರಭುತ್ವ ಎಂದು ಯಾವುದನ್ನು ಕರೆಯಬೇಕು? 1933ರ ಮಾಂಟೆವಿಡಿಯೊ ಒಪ್ಪಂದ ನಾಲ್ಕು ಲಕ್ಷಣ ಹೇಳುತ್ತದೆ: ಶಾಶ್ವತ ಜನಸಂಖ್ಯೆ, ಗೊತ್ತಾದ ಭೂಪ್ರದೇಶ, ಸರ್ಕಾರ, ಇತರ ಪ್ರಭುತ್ವಗಳ ಜೊತೆ ವ್ಯವಹರಿಸುವ ಸಾಮರ್ಥ್ಯ. ಈ ನಾಲ್ಕನ್ನೂ ಸೊಮಾಲಿಲ್ಯಾಂಡ್ ಮುಂದೆ ಇಟ್ಟು ನೋಡಿ. 1991ರಲ್ಲಿ ಸೊಮಾಲಿಯಾದಿಂದ ಬೇರೆಯಾದೆನೆಂದು ಘೋಷಿಸಿಕೊಂಡ ಅದಕ್ಕೆ ಸ್ವಂತ ನಾಣ್ಯವಿದೆ, ಸೈನ್ಯವಿದೆ, ಪಾಸ್‌ಪೋರ್ಟ್ ಇದೆ, ಚುನಾವಣೆ ನಡೆದು ಅಧಿಕಾರ ಕೈಬದಲಾದದ್ದೂ ಇದೆ. ಆದರೂ ವಿಶ್ವಸಂಸ್ಥೆಯ 193 ಸದಸ್ಯರಲ್ಲಿ ಅದು ಇಲ್ಲ. ಅದೇ ಸಮಯದಲ್ಲಿ, ವರ್ಷಗಟ್ಟಲೆ ರಾಜಧಾನಿಯ ಮೇಲೂ ಹಿಡಿತವಿಲ್ಲದಿದ್ದ ಸೊಮಾಲಿಯಾದ ಸದಸ್ಯತ್ವಕ್ಕೆ ಧಕ್ಕೆ ಬರಲಿಲ್ಲ. ಪ್ರಭುತ್ವಕ್ಕೆ ನೆಲ, ಜನ, ಸರ್ಕಾರ ಇದ್ದರಷ್ಟೇ ಸಾಲದು, ಉಳಿದವರು ಹೌದೆನ್ನಬೇಕು.

ಸೊಮಾಲಿಯಾದ ಕಥೆ ಉತ್ತರಪತ್ರಿಕೆಯ ಆ ವಾಕ್ಯಕ್ಕೂ ನೇರ ಉತ್ತರ. ಬಹುತೇಕ ಒಂದೇ ಜನಾಂಗ, ಒಂದೇ ಭಾಷೆ, ಒಂದೇ ಧರ್ಮದ ಇಂಥ ದೇಶ ಆಫ್ರಿಕಾದಲ್ಲಿ ಅಪರೂಪ. ಜನಾಂಗಕ್ಕೆ ತಕ್ಕ ಗಡಿಯೇ ಶಾಂತಿಯ ಗುಟ್ಟಾಗಿದ್ದರೆ ಅದು ಒಡೆಯಬಾರದಿತ್ತು. ಒಡೆಯಿತು, ಅದೂ ಹಳೆಯ ಬ್ರಿಟಿಷ್ ಮತ್ತು ಇಟಾಲಿಯನ್ ವಸಾಹತುಗಳ ನಡುವಿನ ಗೆರೆಯ ಮೇಲೆಯೇ. 1960ರ ಜೂನ್ 26ರಂದು ಉತ್ತರದ ಬ್ರಿಟಿಷ್ ಭಾಗ, ಅಂದರೆ ಇಂದಿನ ಸೊಮಾಲಿಲ್ಯಾಂಡ್, ಸ್ವತಂತ್ರವಾಗಿ, ಜುಲೈ 1ರಂದು ಇಟಾಲಿಯನ್ ಭಾಗದ ಜೊತೆ ಸೇರಿತ್ತು. ಎರಡೂ ಕಡೆ ಕಾನೂನು ಬೇರೆ, ಕಚೇರಿಯ ಭಾಷೆ ಬೇರೆ, ಅಧಿಕಾರಿಗಳು ಕಲಿತ ರೀತಿ ಬೇರೆ. ಅದರ ಮೇಲೆ ಕುಲಗಳ ನಡುವಿನ ಪೈಪೋಟಿ. 1988ರಲ್ಲಿ ಸೊಮಾಲಿಯಾದ ಸರ್ವಾಧಿಕಾರಿ ಸಿಯಾದ್ ಬರ್ರೆಯ ಸರ್ಕಾರ ಉತ್ತರದಲ್ಲಿದ್ದ ತನ್ನದೇ ನಗರವಾದ ಹರ್ಗೀಸಾದ ಮೇಲೆ ಬಾಂಬ್ ಹಾಕಿದ ಮೇಲಂತೂ ಉತ್ತರದವರಿಗೆ ಹಳೆಯ ಗೆರೆಯೇ ಆಸರೆಯಾಯಿತು. ಎರಿಟ್ರಿಯಾ 1993ರಲ್ಲಿ ಇಥಿಯೋಪಿಯಾದಿಂದ ಬೇರೆಯಾದದ್ದೂ ಇಟಲಿಯ ವಸಾಹತಿನ ಗಡಿಯ ಮೇಲೆಯೇ.

ಇನ್ನೊಂದು ಮಾತು. 1964ರಲ್ಲಿ ಕೈರೋದಲ್ಲಿ ಸೇರಿದ ಸ್ವತಂತ್ರ ಆಫ್ರಿಕಾದ ನಾಯಕರು ಸ್ವಾತಂತ್ರ್ಯ ಬಂದಾಗ ಇದ್ದ ಗಡಿಗಳನ್ನೇ ಗೌರವಿಸೋಣ ಎಂದು ನಿರ್ಣಯಿಸಿದರು. ಸೊಮಾಲಿಯಾ ಮತ್ತು ಮೊರಾಕ್ಕೊ ಒಪ್ಪಲಿಲ್ಲ. ಉಳಿದವರು ಒಪ್ಪಿದ್ದು ಆ ಗೆರೆಗಳ ಮೇಲಿನ ಪ್ರೀತಿಯಿಂದಲ್ಲ. ಒಂದನ್ನು ಅಳಿಸಲು ಹೊರಟರೆ ಎಲ್ಲವೂ ಅಳಿಸಿಹೋಗಬಹುದೆಂಬ ಲೆಕ್ಕ ಅವರದು. ಅವರನ್ನು ವಸಾಹತುಶಾಹಿಯ ಬಲಿಪಶುಗಳಾಗಿ ಮಾತ್ರ ನೋಡಿದರೆ ಈ ಲೆಕ್ಕಾಚಾರ ಕಾಣುವುದೇ ಇಲ್ಲ.

ಜನಾಂಗೀಯತೆಯ ವಿಷಯಕ್ಕೆ ಬಂದಾಗ ನಾನು ನಿಧಾನವಾಗುತ್ತೇನೆ, ಏಕೆಂದರೆ ಇಲ್ಲಿ ತಪ್ಪು ತಿಳಿವಳಿಕೆ ಪ್ರಾಣ ತೆಗೆದಿದೆ. ರುವಾಂಡಾದ ಹುಟು ಮತ್ತು ಟುಟ್ಸಿಗಳು ಆಡುವುದು ಒಂದೇ ಕಿನ್ಯರುವಾಂಡಾ ಭಾಷೆ, ಬಾಳಿದ್ದು ಒಂದೇ ಬೆಟ್ಟದ ಮೇಲೆ ಅಕ್ಕಪಕ್ಕದಲ್ಲಿ. ನಡುವೆ ಭೇದ ಇರಲಿಲ್ಲವೆಂದಲ್ಲ. ದನಗಳ ಸಂಪತ್ತು, ಅರಮನೆಯ ನಂಟು, ಅಂತಸ್ತು ಎಲ್ಲ ಸೇರಿದ ಭೇದವದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಕೆಲವರಾದರೂ ದಾಟಬಹುದಿತ್ತು. 1930ರ ದಶಕದಲ್ಲಿ ಬೆಲ್ಜಿಯಂ ಆಡಳಿತ ಪ್ರತಿಯೊಬ್ಬರ ಗುರುತಿನ ಚೀಟಿಯಲ್ಲಿ ಜನಾಂಗವನ್ನು ಬರೆಯಿತು. ಅಲ್ಲಿಗೆ ದಾಟುವ ದಾರಿ ಮುಚ್ಚಿತು. ತಂದೆಯ ಚೀಟಿಯಲ್ಲಿದ್ದದ್ದೇ ಮಕ್ಕಳಿಗೂ ಬಂತು. 1994ರಲ್ಲಿ ರಸ್ತೆತಡೆಗಳಲ್ಲಿ ನಿಂತವರು ಕೇಳಿದ್ದು ಆ ಚೀಟಿಯನ್ನೇ. ಸುಮಾರು 100 ದಿನಗಳಲ್ಲಿ ಲಕ್ಷಾಂತರ ಟುಟ್ಸಿಗಳನ್ನೂ, ಕೊಲೆಯನ್ನು ವಿರೋಧಿಸಿದ ಹುಟುಗಳನ್ನೂ ಕೊಂದರು. ಯಾವ ಭೂಪಟದಲ್ಲೂ ಈ ಗಡಿ ಇರಲಿಲ್ಲ.

ಚೀಟಿಯ ಕೆಲಸವನ್ನು ಸಂವಿಧಾನವೂ ಮಾಡಬಲ್ಲದು. ಬೋಸ್ನಿಯಾದ ಯುದ್ಧ ನಿಲ್ಲಿಸಿದ 1995ರ ಡೇಟನ್ ಒಪ್ಪಂದ ಅಧ್ಯಕ್ಷ ಸ್ಥಾನವನ್ನು ಬೋಸ್ನಿಯಾಕ್, ಸರ್ಬ್, ಕ್ರೊಯೇಟ್ ಎಂದು ಮೂವರಿಗೆ ಹಂಚಿತು. ಈ ಮೂರಕ್ಕೂ ಸೇರದ ಇಬ್ಬರು ನಾಗರಿಕರು, ಒಬ್ಬ ರೋಮಾ ಎಂಬ ಅಲ್ಪಸಂಖ್ಯಾತ ಸಮುದಾಯದವ, ಇನ್ನೊಬ್ಬ ಯಹೂದಿ, ತಾವು ಚುನಾವಣೆಗೆ ನಿಲ್ಲಲಾಗದು ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2009ರಲ್ಲಿ ತೀರ್ಪು ಅವರ ಪರವಾಗಿ ಬಂತು. ದಶಕ ಕಳೆದರೂ ಆ ನಿಯಮ ಬದಲಾಗದೆ ಉಳಿಯಿತು. ರಕ್ತಪಾತ ನಿಲ್ಲಿಸಲು ಬೇಕಾದ ಗೆರೆ ಶಾಂತಿ ಬಂದ ಮೇಲೆ ಅಳಿಯುವುದಿಲ್ಲ.

ಗೆರೆಯೇ ಸರ್ವಶಕ್ತ ಎಂದೂ ನಾನು ಹೇಳಲಾರೆ. ಕುರ್ದರನ್ನು ನೋಡಿ. 1920ರ ಸೆವ್ರ್ ಒಪ್ಪಂದ ಅವರಿಗೊಂದು ದೇಶದ ಬಾಗಿಲು ತೆರೆದಿತ್ತು, 1923ರ ಲೊಸಾನ್ ಒಪ್ಪಂದ ಅದನ್ನು ಮುಚ್ಚಿತು. ತುರ್ಕಿ, ಇರಾಕ್, ಇರಾನ್, ಸಿರಿಯಾಗಳಲ್ಲಿ ಹಂಚಿಹೋಗಿ ನೂರು ವರ್ಷವಾದರೂ ತಾವು ಕುರ್ದರೆಂಬ ಭಾವ ಕರಗಿಲ್ಲ. ಆದರೆ ಗೆರೆ ಸುಮ್ಮನೆಯೂ ಕೂತಿಲ್ಲ. ತುರ್ಕಿಯ ಕುರ್ದರು ತಮ್ಮ ಭಾಷೆಯನ್ನು ಲ್ಯಾಟಿನ್ ಲಿಪಿಯಲ್ಲಿ ಬರೆಯುತ್ತಾರೆ, ಇರಾಕ್ ಮತ್ತು ಇರಾನಿನವರು ಅರಬ್ಬಿ ಮೂಲದ ಲಿಪಿಯಲ್ಲಿ. ಗಡಿಯ ಒಂದು ಬದಿಯಲ್ಲಿ ಅಚ್ಚಾದ ಪುಸ್ತಕ ಇನ್ನೊಂದು ಬದಿಯ ಓದುಗರಿಗೆ ಸಲೀಸಾಗಿ ದಕ್ಕುವುದಿಲ್ಲ.

ಗೆರೆ ಸರಿಪಡಿಸುವಾಗ ಜನರನ್ನೇ ಕೇಳಿದ ಒಂದು ಪ್ರಸಂಗವನ್ನೂ ಹೇಳಬೇಕು. ಭಾರತ ಮತ್ತು ಬಾಂಗ್ಲಾದೇಶ 2015ರ ಜುಲೈ 31ರ ನಡುರಾತ್ರಿ ಒಂದರೊಳಗೊಂದು ಸಿಕ್ಕಿಕೊಂಡಿದ್ದ 162 ತುಂಡುಭೂಮಿಗಳನ್ನು ವಿನಿಮಯ ಮಾಡಿಕೊಂಡವು: ಭಾರತದ 111, ಬಾಂಗ್ಲಾದ 51. ಅಲ್ಲಿದ್ದ 50 ಸಾವಿರಕ್ಕೂ ಹೆಚ್ಚು ಜನರಿಗೆ ಅಲ್ಲಿಯವರೆಗೆ ಕಾಗದದಲ್ಲಿ ಒಂದು ದೇಶ, ಸುತ್ತಮುತ್ತ ಇನ್ನೊಂದು ದೇಶ. ಪೊಲೀಸ್, ಶಾಲೆ, ವಿದ್ಯುತ್ ಯಾವುದೂ ಹಕ್ಕಾಗಿ ಸಿಗುತ್ತಿರಲಿಲ್ಲ. ಯಾವ ಪೌರತ್ವ ಬೇಕೆಂದು ಕೇಳಿದಾಗ ಬಾಂಗ್ಲಾದ ಕಡೆಯಿಂದ ಸಾವಿರಕ್ಕಿಂತ ಕಡಿಮೆ ಜನ ಭಾರತಕ್ಕೆ ಬಂದರು, ಭಾರತದ ಕಡೆಯಿಂದ ಯಾರೂ ಹೋಗಲಿಲ್ಲ. ಹೆಚ್ಚಿನವರು ಆರಿಸಿಕೊಂಡದ್ದು ತಾವು ಉಳುತ್ತಿದ್ದ ನೆಲ, ತಾವು ಹೋಗುತ್ತಿದ್ದ ಸಂತೆ. ಗೆರೆ ಒಂದು ರಾತ್ರಿಯಲ್ಲಿ ಸರಿಹೋಯಿತು. ಅತ್ತಿಂದ ಬಂದ ಕುಟುಂಬಗಳು ಮಾತ್ರ ವರ್ಷಗಟ್ಟಲೆ ತಾತ್ಕಾಲಿಕ ಶಿಬಿರಗಳಲ್ಲಿ ಕಳೆದವು. ಉಳಿದವರು ಜಮೀನಿನ ದಾಖಲೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕಚೇರಿಗೆ ಅಲೆಯಬೇಕಾಯಿತು.