ಓಆರ್‌ಎಸ್ ಕಲಿಸುವುದನ್ನು ಕಲಿಯುವುದು

ಜಾಗತಿಕ ಆರೋಗ್ಯವನ್ನು ಸಂಸ್ಥೆಗಳ ಹೆಸರು, ಘೋಷಣೆಗಳ ಇಸವಿ ಎಂದು ಬಾಯಿಪಾಠ ಮಾಡಿದರೆ ಪರೀಕ್ಷೆಯ ಮರುದಿನ ಅದು ಮರೆತುಹೋಗುತ್ತದೆ. ಆದ್ದರಿಂದ ಈ ಟಿಪ್ಪಣಿಯಲ್ಲಿ ಓಆರ್‌ಎಸ್ (ಭೇದಿಯಾದಾಗ ನೀರಿನಲ್ಲಿ ಕಲಸಿ ಕುಡಿಸುವ ಗ್ಲೂಕೋಸ್-ಲವಣದ ಪುಡಿ) ಪೊಟ್ಟಣವೊಂದನ್ನೇ ಹಿಡಿದು, ಪ್ರಯೋಗಾಲಯದ ತಿಳಿವಳಿಕೆಯೊಂದು ಮನೆಯ ಅಡುಗೆಕೋಣೆಯವರೆಗೆ ಹೇಗೆ ತಲುಪಿತು, ತಲುಪುವಾಗ ಎಲ್ಲಿ ಮುಗ್ಗರಿಸಿತು ಎಂಬುದನ್ನು ನೋಡೋಣ.

ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಜೊತೆಯಾಗಿ ಒಳಸೇರುತ್ತವೆ, ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಕಾಲರಾದ ವಿಷವು ಕರುಳಿನಿಂದ ನೀರನ್ನು ಹೊರಸುರಿಸುತ್ತಿದ್ದರೂ ಈ ದಾರಿ ಮುಚ್ಚುವುದಿಲ್ಲ. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾ ಪ್ರಯೋಗಾಲಯದಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಇದನ್ನು ರೋಗಿಗಳಲ್ಲಿ ತೋರಿಸಿಕೊಟ್ಟರು. ಆದರೆ ನಿಜವಾದ ಪರೀಕ್ಷೆ ನಡೆದದ್ದು 1971ರಲ್ಲಿ, ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ. ಅಲ್ಲಿ ಡ್ರಿಪ್ ಬಾಟಲಿಗಳು ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬಿಸ್ ಅವರು ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡದ ಲೆಕ್ಕದಲ್ಲಿ ದ್ರಾವಣ ಮಾಡಿಸಿ ಡ್ರಮ್ಮುಗಳಲ್ಲಿ ತುಂಬಿಟ್ಟರು. ಕುಡಿಸುವ ಕೆಲಸವನ್ನು ರೋಗಿಗಳ ಬಂಧುಗಳಿಗೇ ಒಪ್ಪಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ 3.6ಕ್ಕೆ ಇಳಿಯಿತು. ಪ್ರಶ್ನೆಪತ್ರಿಕೆಗಳು ದ್ರಾವಣದ ಗ್ರಾಂ ಲೆಕ್ಕವನ್ನಷ್ಟೇ ಕೇಳುತ್ತವೆ, ಲೋಟ ಹಿಡಿದ ಬಂಧುಗಳನ್ನು ಯಾರೂ ಕೇಳುವುದಿಲ್ಲ. ನನಗೆ ಮಾತ್ರ ಎರಡನೆಯದೇ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಇದನ್ನು ಪಾಠವನ್ನಾಗಿ ಬೆಳೆಸಿದ್ದು ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ. 1980ರಿಂದ 1990ರವರೆಗೆ ಅದರ ಕಾರ್ಯಕರ್ತೆಯರು 1.2 ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂಬ ಅಳತೆಯನ್ನು ತಾಯಂದಿರ ಕೈಯಿಂದಲೇ ಮಾಡಿಸಿ ಕಲಿಸಿದರು. ಕೆಲವು ವಾರಗಳ ಅನಂತರ ಬೇರೊಬ್ಬರು ಆಯ್ದ ಮನೆಗಳಿಗೆ ಹೋಗಿ, ತಾಯಿಗೆ ಎಷ್ಟು ನೆನಪಿದೆ, ಅವಳು ಕಲಸಿದ ದ್ರಾವಣ ಸರಿಯಿದೆಯೇ ಎಂದು ನೋಡುತ್ತಿದ್ದರು. ಕಲಿಸಿದವಳ ಸಂಬಳ ನಿರ್ಧಾರವಾಗುತ್ತಿದ್ದುದು ಆ ಫಲಿತಾಂಶದಿಂದ. ಇಷ್ಟಾದರೂ ಆರಂಭದಲ್ಲಿ ಬಳಕೆ ತೀರಾ ಕಡಿಮೆಯಿತ್ತು. ಕಾರಣ ಹುಡುಕಿದಾಗ ಕಾರ್ಯಕರ್ತೆಯರಿಗೇ ಆ ದ್ರಾವಣದಲ್ಲಿ ನಂಬಿಕೆಯಿಲ್ಲವೆಂಬುದೂ, ಮನೆಯ ಗಂಡಸರಿಗೆ ಯಾರೂ ಏನೂ ಹೇಳಿರಲಿಲ್ಲವೆಂಬುದೂ ಹೊರಬಿತ್ತು. ಬಳಿಕ ಕಾರ್ಯಕರ್ತೆಯರಿಗೆ ದ್ರಾವಣ ಕೆಲಸ ಮಾಡುವ ಬಗೆಯನ್ನು ವಿವರಿಸಲಾಯಿತು. ಸಂತೆ, ಮಸೀದಿಗಳಲ್ಲಿ ಗಂಡಸರೊಂದಿಗೂ ಮಾತುಕತೆ ಶುರುವಾಯಿತು.

ನಮ್ಮ ಕ್ಷೇತ್ರ ಭೇಟಿಯ ಒಂದು ಅನುಭವ ಇದಕ್ಕೆ ಹೊಂದುತ್ತದೆ. ಮನೆಯೊಂದರಲ್ಲಿ ನಾನು ಎಲ್ಲವನ್ನೂ ಹೇಳಿ ಮುಗಿಸಿ, "ಅರ್ಥ ಆಯ್ತಾ ಅಕ್ಕ?" ಎಂದೆ. "ಆಯ್ತು ಡಾಕ್ಟ್ರೇ" ಎಂದರು. ಜೊತೆಗಿದ್ದ ಆಶಾ ಕಾರ್ಯಕರ್ತೆ, "ಎಲ್ಲಿ, ಒಂದ್ಸಲ ಕಲಸಿ ತೋರ್ಸಿ" ಎಂದಾಗ ಆ ತಾಯಿ ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಸ್ಟೀಲ್ ಲೋಟಕ್ಕೆ ಸುರಿದರು. ಈಗಿನ ಪೊಟ್ಟಣ ಒಂದು ಲೀಟರಿನಲ್ಲಿ ಕರಗಿದರೆ ಆಸ್ಮೊಲಾರಿಟಿ (ಕರಗಿದ ಕಣಗಳ ಒಟ್ಟು ಸಾಂದ್ರತೆ) 245 ಮಿಲಿಆಸ್ಮೋಲ್, ಸೋಡಿಯಂ 75 ಮಿಲಿಮೋಲ್. ಅದೇ ಪುಡಿ 200 ಮಿ.ಲೀ. ಲೋಟದಲ್ಲಿ ಕರಗಿದರೆ ಎರಡೂ ಐದು ಪಟ್ಟಾಗಿ, ಮಗುವಿನ ರಕ್ತದಲ್ಲಿ ಸೋಡಿಯಂ ಅಪಾಯಕಾರಿಯಾಗಿ ಏರಬಹುದು. ಆ ಮನೆಯಲ್ಲಿ ಲೀಟರಿನ ಅಳತೆಗೆ ಇದ್ದದ್ದು ತಂಪು ಪಾನೀಯದ ಖಾಲಿ ಬಾಟಲಿಯೊಂದೇ. ಅದನ್ನು ತೊಳೆಸಿ, ಅದರಲ್ಲೇ ಅಳೆಸಿದೆವು. 200 ಮಿ.ಲೀ.ಗೆಂದೇ ತಯಾರಾದ ಚಿಕ್ಕ ಪೊಟ್ಟಣವೂ ಅಂಗಡಿಯಲ್ಲಿ ಸಿಗುವುದರಿಂದ ಮೊದಲು ಪೊಟ್ಟಣದ ಮೇಲಿನ ಅಳತೆಯನ್ನು ಓದಿಸಬೇಕು.

ನಿರ್ಜಲೀಕರಣದ, ಎಂದರೆ ದೇಹದ ನೀರು ಎಷ್ಟು ಬತ್ತಿದೆ ಎಂಬುದರ ಅಂದಾಜಿಗೆ ಮಗುವಿನ ಚುರುಕುತನ, ಗುಳಿಬಿದ್ದ ಕಣ್ಣು, ಕುಡಿಯುವ ಬಗೆ, ಹೊಟ್ಟೆಯ ಚರ್ಮದ ಚಿವುಟು ಎಂಬ ನಾಲ್ಕನ್ನು ನೋಡಿದರೆ ಸಾಕು. ಚಡಪಡಿಸುತ್ತ ಆತುರದಿಂದ ಕುಡಿಯುವ ಮಗುವಿಗೆ ಕಿಲೋ ತೂಕಕ್ಕೆ 75 ಮಿ.ಲೀ.ನಂತೆ, ಎಂದರೆ 10 ಕಿಲೋ ಮಗುವಿಗೆ 750 ಮಿ.ಲೀ. ದ್ರಾವಣವನ್ನು ನಾಲ್ಕು ಗಂಟೆಗಳಲ್ಲಿ ಚಮಚದಿಂದ ಕುಡಿಸಬೇಕು. ಮಂಕಾಗಿ ಕುಡಿಯಲಾಗದ, ಚಿವುಟಿದ ಚರ್ಮ ಎರಡು ಸೆಕೆಂಡಿಗಿಂತ ನಿಧಾನವಾಗಿ ಮರಳುವ ಮಗುವಿಗೆ ಡ್ರಿಪ್ಪೇ ಬೇಕು.

ತಾಯಂದಿರು ಎತ್ತುವ ಆಕ್ಷೇಪಕ್ಕೆ ಪ್ರಾಮಾಣಿಕವಾದ ಉತ್ತರ ಸಿದ್ಧವಿರಬೇಕು: "ಇದನ್ನ ಕುಡಿಸಿದ್ರೂ ಭೇದಿ ನಿಲ್ಲಲಿಲ್ವಲ್ಲ, ಗ್ಲೂಕೋಸ್ ಬಾಟ್ಲಿನೇ ಹಾಕ್ಬಿಡಿ". ಓಆರ್‌ಎಸ್ ಭೇದಿಯನ್ನು ನಿಲ್ಲಿಸುವುದಿಲ್ಲ, ಹೋದ ನೀರನ್ನೂ ಲವಣವನ್ನೂ ತುಂಬಿಕೊಡುತ್ತದೆ; ಇದನ್ನು ಮೊದಲೇ ಹೇಳದಿದ್ದರೆ ಎರಡನೆಯ ಲೋಟಕ್ಕೇ ನಂಬಿಕೆ ಹೋಗುತ್ತದೆ. ಭೇದಿಯ ಅವಧಿಯನ್ನು ಕಡಿಮೆ ಮಾಡುವುದು ಸತು, ಎಂದರೆ ಜಿಂಕ್ ಮಾತ್ರೆ: ಆರು ತಿಂಗಳು ದಾಟಿದ ಮಕ್ಕಳಿಗೆ ದಿನಕ್ಕೆ 20 ಮಿ.ಗ್ರಾಂ., ಅದಕ್ಕಿಂತ ಚಿಕ್ಕವರಿಗೆ 10 ಮಿ.ಗ್ರಾಂ., 14 ದಿನ. ಎದೆಹಾಲನ್ನೂ ಗಂಜಿಯನ್ನೂ ನಿಲ್ಲಿಸಬಾರದು. ಕಲಸಿದ ದ್ರಾವಣವನ್ನು 24 ಗಂಟೆಗಳ ಬಳಿಕ ಚೆಲ್ಲಬೇಕು.

ಮರುಭೇಟಿಯಲ್ಲಿ "ಮಾತ್ರೆ ಕೊಟ್ರಾ?" ಎಂದು ಕೇಳುವ ಬದಲು ಜಿಂಕ್ ಮಾತ್ರೆಯ ಸ್ಟ್ರಿಪ್ಪನ್ನೇ ತರಿಸಿ ಎಣಿಸಿರಿ. ಎಂಟನೆಯ ದಿನವೂ 14ರಲ್ಲಿ 12 ಉಳಿದಿದ್ದರೆ, ಬಹುಮಟ್ಟಿಗೆ ಭೇದಿ ಎರಡನೆಯ ದಿನಕ್ಕೇ ನಿಂತಿರುತ್ತದೆ, ಮಾತ್ರೆಯೂ ಅಂದೇ ನಿಂತಿರುತ್ತದೆ.