ಮಣ್ಣು ಒದ್ದೆ, ಗಿಡ ಮಾತ್ರ ಬಾಡಿದೆ

ಮನೆಯೊಳಗಿನ ಗಿಡ ಬಾಡಿದ್ದು ಕಂಡ ತಕ್ಷಣ ನೀರು ಹಾಕಬೇಡಿ. ಮೊದಲು ಬೆರಳನ್ನು ಮಣ್ಣಿನೊಳಗೆ ಎರಡು ಇಂಚು ಇಳಿಸಿ ನೋಡಿ. ಒಣಗಿದ್ದರೆ ಅದಕ್ಕೆ ಬಾಯಾರಿಕೆ, ನೀರು ಕೊಟ್ಟರೆ ಸಾಮಾನ್ಯವಾಗಿ ಸಂಜೆಯೊಳಗೆ ಎದ್ದು ನಿಲ್ಲುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಆಗುವುದೇ ಬೇರೆ. ಮಣ್ಣು ಒದ್ದೆಯಾಗೇ ಇರುತ್ತದೆ, ಎಲೆ ಜೋತು ಬಿದ್ದಿರುತ್ತದೆ, ನೋಡಿದವರು ಪಾಪ ಅಂತ ಇನ್ನೊಂದು ಚೊಂಬು ಸುರಿಯುತ್ತಾರೆ, ಗಿಡ ಇನ್ನಷ್ಟು ಸೊರಗುತ್ತದೆ.

ಬೇರಿಗೂ ಉಸಿರಾಡಬೇಕು. ಅದಕ್ಕೆ ಬೇಕಾದ ಆಮ್ಲಜನಕ ಬಹುಪಾಲು ಸಿಗುವುದು ಮಣ್ಣಿನ ಕಣಗಳ ಸಂದಿಯಲ್ಲಿರುವ ಗಾಳಿಯಿಂದ. ಆ ಸಂದಿಗಳಲ್ಲಿ ನೀರು ನಿಂತುಬಿಟ್ಟರೆ? ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಇದ್ದಬದ್ದದ್ದು ಬೇಗ ಖಾಲಿಯಾಗುತ್ತದೆ, ಬೇರಿನ ಶಕ್ತಿ ಉಡುಗುತ್ತದೆ, ಸುತ್ತಲೂ ನೀರಿದ್ದರೂ ಹೀರಿಕೊಳ್ಳಲು ಆಗುವುದಿಲ್ಲ. ಎಲೆ ಬಾಡುವುದು ಇದಕ್ಕೇ. ಆಮೇಲೆ ಪಿಥಿಯಮ್‌ನಂಥ ಸೂಕ್ಷ್ಮಜೀವಿಗಳು ಬರುತ್ತವೆ. ನಿಂತ ನೀರಿನಲ್ಲಿ ಈಜಿಕೊಂಡೇ ಬಂದು ಸೋತ ಬೇರನ್ನು ಹಿಡಿಯುತ್ತವೆ. ಅನುಮಾನ ಬಂದರೆ ಗಿಡವನ್ನು ಕುಂಡದಿಂದ ಹೊರಗೆ ತೆಗೆದು ನೋಡಿ, ಹೆದರಬೇಡಿ, ಅಷ್ಟಕ್ಕೆ ಅದು ಸಾಯುವುದಿಲ್ಲ. ಚೆನ್ನಾಗಿರುವ ಬೇರು ಸಾಮಾನ್ಯವಾಗಿ ಬೆಳ್ಳಗೆ, ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಂದು ಬಣ್ಣ, ಮೆತ್ತಗೆ, ಎಳೆದರೆ ಸಿಪ್ಪೆ ಕೈಗೆ ಬಂದು ಒಳಗಿನ ಎಳೆ ಮಾತ್ರ ಉಳಿಯುತ್ತದೆ.

ಹಾಗಾದ್ರೆ ಬಾಟಲಿ ನೀರಿನಲ್ಲಿ ಮನಿ ಪ್ಲಾಂಟ್ ವರ್ಷಗಟ್ಟಲೆ ಹೇಗೆ ಬದುಕುತ್ತದೆ? ನೀರಿನಲ್ಲೇ ಹುಟ್ಟಿದ ಬೇರು ಮಣ್ಣಿನ ಬೇರಿನ ಹಾಗಿರುವುದಿಲ್ಲ. ಅದರೊಳಗೆ ಗಾಳಿ ಓಡಾಡಲು ಟೊಳ್ಳು ಜಾಗ ಜಾಸ್ತಿ, ಹಾಗಾಗಿ ಕಾಂಡದ ಕಡೆಯಿಂದ ಆಮ್ಲಜನಕ ಕೆಳಗೆ ಇಳಿದು ಬರುತ್ತದೆ. ಜೊತೆಗೆ ತಿಳಿ ನೀರಿನಲ್ಲಿ ಗೊಬ್ಬರ, ಎಲೆಚೂರು ಅಂತ ಕೊಳೆಯುವ ಸಾಮಾನು ಇರುವುದಿಲ್ಲ, ಅದನ್ನು ತಿನ್ನುತ್ತಾ ಆಮ್ಲಜನಕ ಮುಗಿಸುವ ಜೀವಿಗಳೂ ಕಡಿಮೆ. ಬಾಟಲಿಯ ಗಿಡವನ್ನು ಮಣ್ಣಿಗೆ ಹಾಕಿದ ಮೇಲೆ ಕೆಲವು ದಿನ ಅದು ಸಪ್ಪಗಾಗುವುದು ಸಹಜ. ಮಣ್ಣಿಗೆ ಹೊಂದುವ ಬೇರನ್ನು ಅದು ಹೊಸದಾಗಿ ಬಿಡಬೇಕು.

ನೀರು ಜಾಸ್ತಿ ಆಯ್ತು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಬಹಳ ಸಲ ನಿಜವಾಗಿ ಕಡಿಮೆಯಾಗಿರುವುದು ಬೆಳಕು. ಮನೆಯಲ್ಲಿ ಬೆಳೆಸುವ ಹೆಚ್ಚಿನ ಗಿಡಗಳು ಬೆಳಕು ಬಿದ್ದಾಗ ಎಲೆಯ ಸಣ್ಣ ರಂಧ್ರಗಳನ್ನು ತೆರೆಯುತ್ತವೆ, ಆಗಲೇ ನೀರು ಆವಿಯಾಗಿ ಹೊರಗೆ ಹೋಗುವುದು, ಆಗಲೇ ಬೇರು ಮತ್ತೆ ಮಣ್ಣಿನಿಂದ ನೀರೆಳೆಯುವುದು. ಮೂಲೆಯಲ್ಲಿಟ್ಟ ಗಿಡಕ್ಕೆ ಆ ಕೆಲಸ ತೀರಾ ಕಡಿಮೆ, ಹಾಗಾಗಿ ಮಣ್ಣು ಒದ್ದೆಯಾಗೇ ಉಳಿಯುತ್ತದೆ. ನಮ್ಮ ಕಣ್ಣಿಗೆ ಈ ಬೆಳಕಿನ ಕೊರತೆ ಗೊತ್ತಾಗುವುದಿಲ್ಲ, ಯಾಕಂದ್ರೆ ಕಣ್ಣು ಎಂಥ ಬೆಳಕಿಗೂ ಹೊಂದಿಕೊಂಡುಬಿಡುತ್ತದೆ. ನಡುಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಇದ್ದರೆ ಹಾಲ್‌ನಲ್ಲಿ ಟಿವಿ ಪಕ್ಕದ ಮೂಲೆ ಎಷ್ಟೋ ಮನೆಗಳಲ್ಲಿ 100ರಿಂದ 300 ಮಾತ್ರ! ಫೋನಿಗೆ ಲಕ್ಸ್ ಅಳೆಯುವ ಆ್ಯಪ್ ಸಿಗುತ್ತದೆ. ಲೆಕ್ಕ ಪಕ್ಕಾ ಇರದಿದ್ದರೂ ಕಿಟಕಿ ಹತ್ತಿರ ಎಷ್ಟು, ಅಲ್ಲಿಂದ ಆರಡಿ ದೂರದಲ್ಲಿ ಎಷ್ಟು ಅಂತ ಹೋಲಿಸಿ ನೋಡಲು ಸಾಕು.

ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಯಿಂದ ತಂದ ಚೆಂದದ ಗಿಡ ಎರಡೇ ವಾರದಲ್ಲಿ ಎಲೆ ಉದುರಿಸಿದರೆ ನರ್ಸರಿಯವರನ್ನು ಬೈಯಬೇಡಿ. ಅದು ಅಲ್ಲಿ ಹಸಿರು ನೆರಳುಪರದೆ ಕೆಳಗೆ, ನಮ್ಮ ಹಾಲ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಬೆಳಕಿನಲ್ಲಿ ಇದ್ದದ್ದು. ಹೊಸ ಗಿಡವನ್ನು ಮೊದಲು ಕಿಟಕಿ ಪಕ್ಕವೇ ಇಟ್ಟು ನಿಧಾನವಾಗಿ ಒಳಗೆ ಸರಿಸಿ. ಜೀಜೀ (ZZ) ಪ್ಲಾಂಟ್ ಕತ್ತಲಲ್ಲೂ ಬೆಳೆಯುತ್ತದೆ ಅನ್ನುವುದನ್ನೂ ಪೂರ್ತಿ ನಂಬಬೇಡಿ. ಪೂರ್ವ ಆಫ್ರಿಕಾದ ಈ ಗಿಡ ಮಣ್ಣೊಳಗಿನ ಗೆಡ್ಡೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ, ಹಾಗಾಗಿ ಕತ್ತಲಲ್ಲಿ ಬೆಳೆಯದಿದ್ದರೂ ಸಾಯಲು ತುಂಬಾ ಸಮಯ ಹಿಡಿಯುತ್ತದೆ ಅಷ್ಟೇ. ಇನ್ನು ವಾರಕ್ಕೆರಡು ಸಲ ನೀರು ಅನ್ನುವ ಲೆಕ್ಕವನ್ನು ಬಿಟ್ಟುಬಿಡಿ. ಏಪ್ರಿಲ್‌ನಲ್ಲಿ ಸರಿಹೋದ ನೀರು ಜುಲೈನ ಮೋಡದಲ್ಲಿ ಬೇರು ಕೊಳೆಸುತ್ತದೆ.

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅಂತಲೂ ನಂಬಿಕೆ ಇದೆ. ಆಗುವುದು ಉಲ್ಟಾ. ನುಣುಪು ಮಣ್ಣಿನ ಸಣ್ಣ ಸಂದಿಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ, ಅದು ಜಲ್ಲಿಯ ದೊಡ್ಡ ಸಂದಿಗೆ ಸುಲಭಕ್ಕೆ ಇಳಿಯುವುದಿಲ್ಲ. ಜಲ್ಲಿ ಹಾಕಿದಷ್ಟೂ ಆ ಒದ್ದೆ ಪದರ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ. ತಳದಲ್ಲಿ ತೂತು ಬೇಕು, ಮಣ್ಣಿಗೆ ಪರ್ಲೈಟ್ (ಹಗುರವಾದ ಬಿಳಿ ಹರಳು) ಅಥವಾ ಭತ್ತದ ಹೊಟ್ಟು ಬೆರೆಸಬೇಕು, ಅಷ್ಟೇ.

ಇನ್ನು ಹಳದಿ ಎಲೆ. ಯಾವ ಎಲೆ ಹಳದಿಯಾಗಿದೆ ಅನ್ನುವುದು ಮುಖ್ಯ. ಸಾರಜನಕ ಕಡಿಮೆಯಾದರೆ ಗಿಡ ಹಳೆ ಎಲೆಯಿಂದ ಅದನ್ನು ಎಳೆದು ಚಿಗುರಿಗೆ ಕೊಡುತ್ತದೆ, ಹಾಗಾಗಿ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ಆಗೊಂದು ಈಗೊಂದು ಹಳೆ ಎಲೆ ಬಿದ್ದರೆ ಅದು ರೋಗವೂ ಅಲ್ಲ. ಕಬ್ಬಿಣದ ಅಂಶ ಹಾಗೆ ಜಾಗ ಬದಲಿಸುವುದಿಲ್ಲ. ಅದು ಸಿಗದಿದ್ದರೆ ಹೊಸ ಚಿಗುರೇ ಹಳದಿ, ನರ ಮಾತ್ರ ಹಸಿರು. ಬೋರ್‌ವೆಲ್ ನೀರು ಬಳಸುವ ಮನೆಗಳು ಇದನ್ನು ಗಮನಿಸಬೇಕು. ಗಡಸು ನೀರು ನಿಧಾನವಾಗಿ ಮಣ್ಣನ್ನು ಕ್ಷಾರವಾಗಿಸುತ್ತದೆ, ಆಗ ಕಬ್ಬಿಣ ಮಣ್ಣಿನಲ್ಲಿದ್ದರೂ ಬೇರಿಗೆ ಕರಗಿ ಸಿಗುವುದಿಲ್ಲ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಅದೇ ಸುಳಿವು. ಆರ್‌ಓ ಯಂತ್ರ ಹೊರಗೆ ಬಿಡುವ ನೀರನ್ನು ವ್ಯರ್ಥ ಮಾಡಬಾರದು ಅಂತ ಗಿಡಕ್ಕೆ ಹಾಕುವವರಿದ್ದಾರೆ. ಕಾಳಜಿ ಒಳ್ಳೆಯದೇ, ಆದರೆ ಉಪ್ಪಿನಂಶವೆಲ್ಲ ಸೇರಿರುವುದು ಅದರಲ್ಲೇ, ಎಲೆ ತುದಿ ಕಂದಾಗಿ ಸುಡುತ್ತದೆ. ಆ ನೀರು ನೆಲ ಒರೆಸಲು ಇರಲಿ. ಮಳೆ ನೀರು ಹಿಡಿದಿಟ್ಟುಕೊಂಡರೆ ಗಿಡಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ.

ಕುಂಡದ ಸುತ್ತ ಹಾರಾಡುವ ಸಣ್ಣ ಕಪ್ಪು ನೊಣಗಳೂ ಜಾಸ್ತಿ ನೀರಿನ ಗುರುತೇ. ಅವುಗಳ ಮರಿಹುಳುಗಳು ಮೇಲ್ಮಣ್ಣಿನ ತೇವದಲ್ಲಿ ಬೂಷ್ಟು ತಿಂದು ಬೆಳೆಯುತ್ತವೆ, ಮೇಲಿನ ಒಂದೆರಡು ಇಂಚು ಒಣಗಲು ಬಿಟ್ಟರೆ ಕ್ರಮೇಣ ಕಡಿಮೆಯಾಗುತ್ತವೆ. ಎಲೆ ಕಂಕುಳಲ್ಲಿ ಬಿಳಿ ಹತ್ತಿಯ ಹಾಗೆ ಕಂಡರೆ ಅದು ಹಿಟ್ಟು ತಿಗಣೆ. ಮೈಮೇಲೆ ಮೇಣದ ಪದರ ಇರುವುದರಿಂದ ಬರೀ ನೀರು ತಾಗುವುದಿಲ್ಲ. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿ, ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಪಾತ್ರೆ ಸೋಪು ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ. ಮೊಟ್ಟೆಗಳು ಉಳಿದಿರುತ್ತವೆ, ವಾರ ಬಿಟ್ಟು ಮತ್ತೆ ಮಾಡಬೇಕು. ಇರುವೆ ಸಾಲು ಕಂಡರೆ ಅದನ್ನೂ ತಡೆಯಿರಿ. ತಿಗಣೆಯ ಸಿಹಿ ಅಂಟಿಗಾಗಿ ಇರುವೆಗಳು ಅವನ್ನು ಕಾಯುತ್ತವೆ.

ಬೇರು ಆಗಲೇ ಕೊಳೆತಿದ್ದರೆ ಕೊಳೆತಷ್ಟನ್ನೂ ಕತ್ತರಿಸಿ, ಹಳೆ ಮಣ್ಣು ಬಿಸಾಕಿ, ಉಳಿದ ಬೇರಿಗೆ ತಕ್ಕಷ್ಟೇ ಸಣ್ಣ ಕುಂಡಕ್ಕೆ ಬದಲಿಸಿ. ದೊಡ್ಡ ಕುಂಡ ಬೇಡ, ಬೇರಿಲ್ಲದ ಕಡೆಯ ಮಣ್ಣು ಒಣಗುವುದೇ ಇಲ್ಲ. ಗೊಬ್ಬರವೂ ಸದ್ಯಕ್ಕೆ ಬೇಡ. ಬೇರು ಪೂರ್ತಿ ಹೋಗಿದೆ, ಆದರೆ ಮನಿ ಪ್ಲಾಂಟಿನ ಬಳ್ಳಿ ಇನ್ನೂ ಹಸಿರಾಗಿದೆ ಅಂದ್ರೆ ಗಿಣ್ಣಿನ (ಎಲೆ ಹುಟ್ಟುವ ಗಂಟಿನ) ಕೆಳಗೆ ಕತ್ತರಿಸಿ, ಗಿಣ್ಣು ಮುಳುಗುವ ಹಾಗೆ ನೀರಿನಲ್ಲಿಟ್ಟು ಕಿಟಕಿ ಪಕ್ಕ ಇಡಿ, ಎರಡು ಮೂರು ವಾರದಲ್ಲಿ ಸಾಮಾನ್ಯವಾಗಿ ಬೇರು ಬರುತ್ತದೆ.