ಬಿನ್ನಿಂಗ್ ಇದ್ದರೆ ಆಕಾಶ ಉಳಿಯುತ್ತಾ?

ಫೋನಿನಲ್ಲಿ ತೆಗೆದ ನಂದಿ ಬೆಟ್ಟದ ಸೂರ್ಯೋದಯದ ಫೋಟೊ ಹಾಕಿ, ಕೆಳಗೆ 'ಪಿಕ್ಸೆಲ್ ಬಿನ್ನಿಂಗ್, ಡೈನಾಮಿಕ್ ರೇಂಜ್ ನಾಲ್ಕು ಪಟ್ಟು' ಅಂತ ಬರೆಯುವವರು ಜಾಸ್ತಿಯಾಗಿದ್ದಾರೆ. ಫೋಟೊ ನೋಡಿದರೆ ಸೂರ್ಯನ ಸುತ್ತ ಬರೀ ಬಿಳಿ. ಈ ಎರಡು ಪದಗಳ ಗಂಟು ಬಿಡಿಸಲೇಬೇಕು.

ಬಿನ್ನಿಂಗ್ ವಿಷಯ ಬೇಗ ಮುಗಿಯುತ್ತದೆ. ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಚಿಪ್‌ಗೆ ಸೆನ್ಸರ್ ಅನ್ನುತ್ತಾರೆ, ಅದರ ಮೇಲಿನ ಪುಟ್ಟ ಪುಟ್ಟ ಚೌಕಗಳೇ ಪಿಕ್ಸೆಲ್. ಅಕ್ಕಪಕ್ಕದ ಒಂದೇ ಬಣ್ಣದ ನಾಲ್ಕು ಪಿಕ್ಸೆಲ್‌ಗಳ ಲೆಕ್ಕ ಸೇರಿಸಿ ಒಂದು ಮಾಡುವುದು, ಅಷ್ಟೇ. 48 ಮೆಗಾಪಿಕ್ಸೆಲ್ ಫೋನು 12ರ ಫೋಟೊ ಕೊಡುವುದು ಇದಕ್ಕೇ. 2018ರ ಸೋನಿ ಐಎಂಎಕ್ಸ್586 ಸೆನ್ಸರ್‌ನಲ್ಲಿ ಒಂದೊಂದು ಪಿಕ್ಸೆಲ್‌ನ ಅಗಲ 0.8 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). ಬಿನ್ನಿಂಗ್ ಆದಾಗ ಎರಡರ ಕೆಳಗೆ ಎರಡರಂತೆ ನಾಲ್ಕು ಸೇರಿ 1.6 ಮೈಕ್ರಾನ್ ಅಗಲದ ಒಂದು ಪಿಕ್ಸೆಲ್‌ನಂತೆ ಕೆಲಸ ಮಾಡುತ್ತವೆ. ಉಳಿದ ಮೂರನ್ನು ಬಿಸಾಡುತ್ತಾರೆ ಅನ್ನುವ ಮಾತು ಸುಳ್ಳು.

ಡೈನಾಮಿಕ್ ರೇಂಜ್ ಅಂದರೆ ಸೆನ್ಸರ್ ಹಿಡಿಯಬಲ್ಲ ಅತಿ ಹೆಚ್ಚು ಬೆಳಕಿಗೂ, ನಾಯ್ಸ್‌ನಲ್ಲಿ (ಕತ್ತಲಿನ ಭಾಗದಲ್ಲಿ ಕಾಣುವ ಕಾಳುಕಾಳು) ಮುಳುಗದೆ ಕಾಣುವ ಅತಿ ಕಡಿಮೆ ಬೆಳಕಿಗೂ ಇರುವ ಅಂತರ. ಅಳೆಯುವುದು ಸ್ಟಾಪ್‌ಗಳಲ್ಲಿ. ಒಂದು ಸ್ಟಾಪ್ ಏರಿದರೆ ಎರಡು ಪಟ್ಟು. ಬಣ್ಣ ಕಣ್ಣು ಕುಕ್ಕುವಂತಿದ್ದರೆ 'ಡೈನಾಮಿಕ್ ರೇಂಜ್ ಸೂಪರ್' ಅನ್ನುವುದನ್ನು ದಯವಿಟ್ಟು ಬಿಡಿ.

ಈಗ ಆ 'ನಾಲ್ಕು ಪಟ್ಟು'. ನಾಲ್ಕು ಕೂಡಿಸಿದಾಗ ಬೆಳಕಿನ ಲೆಕ್ಕ ನಾಲ್ಕು ಪಟ್ಟಾಗುತ್ತದೆ, ಸರಿ. ಆದರೆ ನಾಯ್ಸ್ ಒಂದು ಪಿಕ್ಸೆಲ್‌ನಲ್ಲಿ ಏರಿದ್ದರೆ ಇನ್ನೊಂದರಲ್ಲಿ ಇಳಿದಿರುತ್ತದೆ. ಕೂಡಿಸಿದಾಗ ಅದು ಎರಡು ಪಟ್ಟು ಮಾತ್ರ ಆಗುತ್ತದೆ. ನಾಲ್ಕನ್ನು ಎರಡರಿಂದ ಭಾಗಿಸಿ. ಸಿಕ್ಕಿದ್ದು ಎರಡು ಪಟ್ಟು, ಅಂದರೆ ಹೆಚ್ಚುಕಡಿಮೆ ಒಂದು ಸ್ಟಾಪ್. ಅದೂ ಪೂರ್ತಿ ಕತ್ತಲಿನ ಕಡೆ! ಬೆಳಕಿನ ಕಡೆ ಏನೂ ಸಿಗುವುದಿಲ್ಲ, ಪಿಕ್ಸೆಲ್ ತುಂಬಿದ ಮೇಲೆ ಬಂದ ಬೆಳಕು ಲೆಕ್ಕಕ್ಕೇ ಬರಲ್ಲ. ತುಂಬಿ ಹರಿದ ನಾಲ್ಕು ಕೊಡಗಳ ನೀರು ಒಟ್ಟು ಮಾಡಿದರೂ ಚೆಲ್ಲಿದ್ದು ವಾಪಸ್ ಬರಲ್ಲ ಅಲ್ವಾ?

ಬೇಕಿದ್ದರೆ ಬೆಟ್ಟದ ಬುಡದ ಭೋಗನಂದೀಶ್ವರ ದೇವಸ್ಥಾನಕ್ಕೆ ಮಧ್ಯಾಹ್ನ ಹೋಗಿ. ಎಚ್‌ಡಿಆರ್ (ಬೆಳಕು, ಕತ್ತಲು ಎರಡನ್ನೂ ಒಂದೇ ಫೋಟೊದಲ್ಲಿ ಉಳಿಸುವ ಸೆಟ್ಟಿಂಗ್) ಆಫ್ ಮಾಡಿ, ಮಂಟಪದೊಳಗಿಂದ ಬಿಸಿಲಿನ ಅಂಗಳವೂ ಬರುವಂತೆ ತೆಗೆಯಿರಿ. ಫೋನಿನ ಸ್ಕ್ರೀನ್‌ನಲ್ಲಿ ಕಂಬದ ಮೇಲೆ ಬೆರಳಿಟ್ಟರೆ ಕೆತ್ತನೆ ಚೆನ್ನಾಗಿ ಬರುತ್ತದೆ, ಅಂಗಳ ಬೆಳ್ಳಗೆ ಸುಟ್ಟುಹೋಗುತ್ತದೆ. ಬಿನ್ನಿಂಗ್ ಇದ್ದರೂ ಅಷ್ಟೇ. ಅಂಗಳದ ಮೇಲೆ ಬೆರಳಿಟ್ಟರೆ ಕಂಬ ಕಪ್ಪು. ಆ ಕಪ್ಪನ್ನು ಆಮೇಲೆ ಎಡಿಟಿಂಗ್‌ನಲ್ಲಿ ಎತ್ತುವಾಗ ಕೆತ್ತನೆ ಕಾಳುಕಾಳಾಗುವುದು ಕಡಿಮೆಯಾಗುತ್ತದಲ್ಲ, ಬಿನ್ನಿಂಗ್‌ನ ಉಪಕಾರ ಅದು.

ಎರಡೂ ಒಟ್ಟಿಗೆ ಬೇಕಾದರೆ ಎಚ್‌ಡಿಆರ್ ಬೇಕು. ಸಾಮಾನ್ಯವಾಗಿ ಫೋನು ಹಲವು ಫ್ರೇಮ್ ತೆಗೆದು ಸೇರಿಸುತ್ತದೆ. ಕೆಲವು ಸೆನ್ಸರ್‌ಗಳಲ್ಲಿ ಅದೇ ನಾಲ್ಕು ಪಿಕ್ಸೆಲ್‌ಗಳಲ್ಲೇ ಕೆಲವು ಸ್ವಲ್ಪ ಹೊತ್ತು, ಕೆಲವು ಜಾಸ್ತಿ ಹೊತ್ತು ಬೆಳಕು ಹಿಡಿಯುತ್ತವೆ. ಸ್ವಲ್ಪ ಹೊತ್ತು ತೆರೆದವುಗಳಲ್ಲಿ ಆಕಾಶ ಉಳಿಯುತ್ತದೆ. ಬಿನ್ನಿಂಗ್‌ಗೆ ಸುಮ್ನೆ ಹೋಗುತ್ತಿರುವ ಹೆಸರು ಈ ಕೆಲಸದ್ದು.